ಅಳಿದುಳಿದ ಬೂದಿ

ಗಾಜಿನ ಕೋಣೆಯೊಳಗೆ ಬೂದಿ ಮೊದಲು ಕಪ್ಪಾಯಿತು. ಆಮೇಲೆ ಅದರೊಳಗಿಂದ ಹುಲ್ಲಿನ ಎಳೆಯೊಂದು ಮೂಡಿತು. ೨೦೨೬ರಲ್ಲಿ ಸುಟ್ಟುಹೋಗಿದ್ದ ಗುಡಿಸಲಿನ ಸೂರು, ನಲವತ್ತೈದು ವರ್ಷಗಳ ನಂತರ ಮರಳುತ್ತಿತ್ತು.

ದುರುಗವ್ವ ಗಾಜಿಗೆ ಹಣೆ ಹಚ್ಚಿ ನಿಂತಿದ್ದಳು. "ನಮ್ಮವ್ವನ ಫೋಟೊ ಯಾವಾಗ ಬರತೈತ್ರೀ ಮೇಡಂ?"

"ತಡೀರಿ ಅಕ್ಕಾ," ಎಂದರು ಯಂತ್ರ ಕಟ್ಟಿದ ವಿಜ್ಞಾನಿ ಫರೀದಾ. "ಸುಡೋದು ಸುಲಭ. ಒಮ್ಮೆ ಹತ್ತಿಸಿದರೆ ಸಾಕು, ಮುಂದಿನದು ತಾನಾಗೇ ನಡೆಯುತ್ತೆ. ಜೋಡಿಸಿಟ್ಟಿದ್ದೆಲ್ಲ ಹೊಗೆಯಾಗಿ ಚೆಲ್ಲಾಪಿಲ್ಲಿಯಾಗುತ್ತೆ. ಆ ಚೆಲ್ಲಾಪಿಲ್ಲಿಯ ಅಳತೆಗೆ ಎಂಟ್ರೊಪಿ ಅಂತೀವಿ. ಅದನ್ನ ಹಿಂದಕ್ಕೆ ತಿರುಗಿಸೋಕೆ ಒಂದು ಊರಿನ ಕರೆಂಟು ಬೇಕು."

ಬೂದಿಯಲ್ಲಿ ಉಳಿದ ಗುರುತು ಹಿಡಿದು, ಗಾಳಿಯಿಂದ ಇಂಗಾಲ ಹೀರಿ, ಯಂತ್ರ ಸುಟ್ಟದ್ದನ್ನು ಮತ್ತೆ ಹೆಣೆಯುತ್ತಿತ್ತು. ಇದುವರೆಗೆ ಅದು ಉಳ್ಳವರ ರೇಷ್ಮೆ, ಪುಸ್ತಕಗಳನ್ನಷ್ಟೇ ಮರಳಿಸಿತ್ತು. ಕೇರಿಯ ಬೂದಿ ಇದೇ ಮೊದಲು.

"ಬೂದಿ ಕಡಿಮೆ ಇದೆಯಲ್ಲ?" ಎಂದರು ಫರೀದಾ.

"ನಮ್ಮಜ್ಜಿ ಡಬ್ಬಿ ತುಂಬ ಎತ್ತಿಟ್ಟಿದ್ಲು. ಹೊಸಾ ಸೊಸಿ ಗೊತ್ತಿಲ್ದ ಅದರಾಗ ಮುಸುರಿ ತಿಕ್ಕಿಬಿಟ್ಲು. ಪಾತ್ರೆ ಮಾತ್ರ ಬೆಳ್ಳಿಯಂಗ ಹೊಳದ್ವು ನೋಡ್ರಿ."

ಫರೀದಾ ನಗಲು ಹೋಗಿ ನಿಲ್ಲಿಸಿದರು. ಕೋಣೆಯ ತಳದಲ್ಲಿ ಹನಿಗಳು ಕೂಡುತ್ತಿದ್ದವು. ನಳಿಕೆ ತೆರೆದು ಮೂಸಿ ನೋಡಿದರು.

"ನಿಮ್ಮ ಮನೇಲಿ ಸೀಮೆಎಣ್ಣೆ ಇತ್ತಾ?"

"ಎಲ್ಲೀದ್ರಿ? ಕರೆಂಟಿತ್ತು, ಗ್ಯಾಸಿತ್ತು. ಕೆರಿ ನೀರು ಮುಟ್ಟಿದ್ದಕ್ಕ ಮ್ಯಾಲಿನ ಓಣಿಯವರು ಸುಟ್ಟರು ಅಂತ ಅಜ್ಜಿ ಸಾಯೋತನಕ ಹೇಳಿದ್ಲು. ಪೊಲೀಸರು, ಗ್ಯಾಸ್ ಸೋರಿ ಹತ್ತೇತಿ ಅಂತ ಬರಕೊಂಡ್ರು. ಅವ್ವ ಒಳಗ ಇದ್ಲು."

ಫರೀದಾ ಯಂತ್ರದ ಪರದೆಯಲ್ಲಿ ಉಳಿದ ಬೂದಿಯ ಲೆಕ್ಕ ನೋಡಿದರು. "ಅಕ್ಕಾ, ಅಂದು ಉರಿದ ಸೀಮೆಎಣ್ಣೆಯೂ ಮರಳಿ ಬಂದಿದೆ. ಫೋಟೊ, ಎಣ್ಣೆ ಎರಡಕ್ಕೂ ಬೂದಿ ಸಾಲದು. ಮುಖ ಬೇಕಂದ್ರೆ ಈ ಎಣ್ಣೆಯನ್ನ ಯಂತ್ರಕ್ಕೇ ವಾಪಸ್ ಕೊಡಬೇಕು. ಎಣ್ಣೆ ಸಾಕ್ಷಿಯಾಗಿ ಉಳೀಬೇಕಂದ್ರೆ ಈಗಲೇ ಯಂತ್ರ ನಿಲ್ಲಿಸಬೇಕು. ಎರಡನೇ ಸಲ ಆಗಲ್ಲ."

ಕೋಣೆಯಲ್ಲಿ ಫೋಟೊದ ಒಂದು ಮೂಲೆ ಮೂಡಿತ್ತು. ಒಂದು ಕಿವಿ, ಹೆಗಲ ಮೇಲಿನ ಸೀರೆಯಂಚು.

"ನಂಗ ಆಗ ಮೂರು ವರ್ಷ," ಎಂದಳು ದುರುಗವ್ವ. "ಮುಖ ನೆನಪಿಲ್ಲ. ಕನ್ನಡಿಯಾಗ ನನ್ನ ಮಾರಿ ನೋಡಕೋತ, ಹಿಂಗ ಇದ್ದಿರಬೇಕು ಅಂದ್ಕೋತೀನಿ." ಗಾಜಿನ ಮೇಲೆ ಆ ಕಿವಿ ಇದ್ದಲ್ಲಿಗೆ ಬೆರಳಿಟ್ಟಳು. ತನ್ನ ಕಿವಿಯನ್ನೊಮ್ಮೆ ಮುಟ್ಟಿಕೊಂಡಳು.

"ಸುಟ್ಟವರೊಳಗ ಇಬ್ಬರು ಇನ್ನೂ ಅದಾರ. ನಿಲ್ಲಸ್ರಿ."

ಯಂತ್ರ ನಿಂತಿತು. ಎಣ್ಣೆಗೆ ಮುದ್ರೆ ಬಿತ್ತು. ಮೂಲೆ ಚೂರು ಅವಳಿಗೆ ಸಿಕ್ಕಿತು.

ಮೊಕದ್ದಮೆ ಮತ್ತೆ ತೆರೆದ ಸುದ್ದಿ ಹರಡಿತು. ಆ ವರ್ಷದಿಂದ, ಎಲ್ಲಿ ಗುಡಿಸಲು ಸುಟ್ಟರೂ, ಹೆಂಗಸರು ಅಳುವುದಕ್ಕೂ ಮೊದಲು ಬೂದಿಯನ್ನು ಸೆರಗಿಗೆ ಕಟ್ಟಿಕೊಳ್ಳತೊಡಗಿದರು. ಕರೆದರೂ ಕೇರಿಗೆ ಬಾರದಿದ್ದ ನೀರಿನ ಟ್ಯಾಂಕರುಗಳು ಈಗ ಕರೆಯದೆಯೇ ಬರುತ್ತವೆ. ಉರಿಯುವಾಗಲ್ಲ, ಉರಿ ಆರಿದ ಮೇಲೆ, ನೆಲ ತೊಳೆಯಲು.