ಉಳಿದ ಒಂದೇ ಫ್ಲ್ಯಾಶ್

"ಇಲ್ಲೇ ಗೂಡಿನಾಗ ಇಟ್ಟಿದ್ನಲ್ಲ, ಅತ್ತಿಗಿ. ಯಾರರ ತಗದ್ರೇನು?"

ಗವಿಸಿದ್ದಪ್ಪ ಕಾಕಾ ಗೋಡೆಯ ಗೂಡಿಗೆ ಮತ್ತೊಮ್ಮೆ ಕೈ ಹಾಕಿ ತಡಕಾಡಿದ. ಕ್ಯಾಮೆರಾ ಇತ್ತು. ಅದರ ನೆತ್ತಿಯ ಮೇಲೆ ಕೂರಿಸುವ ಫ್ಲ್ಯಾಶ್ ಕ್ಯೂಬ್ ಮಾತ್ರ ಇರಲಿಲ್ಲ.

"ನಾನ್ಯಾಕ ಮುಟ್ಟಲಪ್ಪ ಅದನ್ನ," ಎಂದಳು ಅವ್ವ, ಸೊಂಟದ ಮೇಲಿನ ಕೂಸನ್ನು ಸರಿಮಾಡಿಕೊಳ್ಳುತ್ತಾ.

ಚನ್ನಿ ಅಡುಗೆಮನೆಯ ಹೊಸ್ತಿಲ ಬಳಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಹೇಳಿದರೂ ಮಾಡದ ಆ ಕೆಲಸವನ್ನು ಇವತ್ತು ಯಾರೂ ಹೇಳದೆಯೇ ಮಾಡುತ್ತಿದ್ದಳು. ಕ್ಯೂಬ್ ಅವಳ ಹಿಂದೆಯೇ, ಅಕ್ಕಿ ಡಬ್ಬಿಯ ತಳದಲ್ಲಿತ್ತು. ಹೂತಿಟ್ಟವಳು ಅವಳೇ.

ನಿಂಬೆಹಣ್ಣಿನಷ್ಟಿದ್ದ, ಗಾಜಿನಂತೆ ಹೊಳೆಯುವ ಚೌಕದ ಡಬ್ಬಿ ಅದು. ನಾಲ್ಕು ಬದಿಗೆ ನಾಲ್ಕು ಪುಟ್ಟ ಬಲ್ಬು. ಪ್ರತಿ ಬಲ್ಬೂ ಒಂದೇ ಸಲ ಹತ್ತಿ ಸುಟ್ಟುಹೋಗುತ್ತದೆ. ಬಳ್ಳಾರಿಯ ಒಂದು ಮದುವೆಯಲ್ಲಿ ಮೂರು ಸುಟ್ಟಿದ್ದವು. ಉಳಿದದ್ದು ಒಂದು. ಕ್ಯಾಮೆರಾ ಕಾಕಾನ ಗೆಳೆಯನದು, ದುಬೈನಿಂದ ಬಂದದ್ದು. ಅಂಥ ಕ್ಯೂಬ್ ಬಳ್ಳಾರಿಯ ಯಾವ ಅಂಗಡಿಯಲ್ಲೂ ಇಲ್ಲ.

"ಒಳಮನಿಯಾಗ ಕತ್ತಲ. ಫ್ಲ್ಯಾಶ್ ಇಲ್ಲಂದ್ರ ಅಪ್ಪನ ಫೋಟೋ ಬರಾದಿಲ್ಲ," ಎಂದ ಕಾಕಾ. "ಹೊರಗ ಎತ್ಕೊಂಡು ಬರಾಣಂದ್ರ ಅವಗ ಉಸಿರು ಸಾಲವಲ್ದು. ಸಂಜಿ ಬಸ್ಸಿಗೆ ನಾ ಕ್ಯಾಮೆರಾ ವಾಪಸ್ ಒಯ್ಯಬೇಕು."

ಅಜ್ಜನ ಫೋಟೋ ಬರಬಾರದು, ಚನ್ನಿಗೆ ಬೇಕಾಗಿದ್ದದ್ದೂ ಅದೇ.

ಪಡಸಾಲೆಯ ಗೋಡೆಯ ಮೇಲೆ ಮುತ್ತಜ್ಜ, ಮುತ್ತಜ್ಜಿ, ದೊಡ್ಡಮ್ಮ ಇದ್ದರು. ಎಲ್ಲರೂ ಕುರ್ಚಿಯಲ್ಲಿ ಕುಳಿತವರೇ. ಹಣೆತುಂಬ ವಿಭೂತಿ, ಕೊರಳತುಂಬ ಹಾರ, ಮುಚ್ಚಿದ ಕಣ್ಣು. ಹೋದ ವರ್ಷ ದೊಡ್ಡಮ್ಮ ತೀರಿಕೊಂಡಾಗ, ಸಿರುಗುಪ್ಪದಿಂದ ಫೋಟೋದವನು ಬರುವವರೆಗೆ ಎಲ್ಲರೂ ಕಾದಿದ್ದರು. ಅವನು ಫೋಟೋ ತೆಗೆದ ಮೇಲೆಯೇ ದೊಡ್ಡಮ್ಮನನ್ನು ಎತ್ತಿಕೊಂಡು ಹೋಗಿದ್ದರು. ಈ ಮನೆಯಲ್ಲಿ ಫೋಟೋ ತೆಗೆದ ಮೇಲೆ ಉಳಿದವರನ್ನು ಚನ್ನಿ ಕಂಡಿರಲಿಲ್ಲ. ಹಾಗಾದರೆ ಅಜ್ಜನದು ತೆಗೆಯಬಾರದು, ಅಷ್ಟೇ.

"ಚನ್ನವ್ವಾ, ಒಂದೀಟು ನೀರು ತಾರವ್ವ."

ಒಳಮನೆಯಿಂದ ಅಜ್ಜ ಕರೆದ. ಚನ್ನಿ ತಂಬಿಗೆ ಹಿಡಿದು ಹೋದಳು. ಎರಡು ಗುಟುಕು ಕುಡಿಯುವಷ್ಟರಲ್ಲಿ ಅಜ್ಜನಿಗೆ ಸಾಕಾಯಿತು.

"ನಿಮ್ಮ ಕಾಕಾ ಏನು ಹುಡುಕಾಕ ಹತ್ಯಾನ?"

ಚನ್ನಿ ಅಜ್ಜನ ಕಿವಿಯ ಹತ್ತಿರ ಬಾಗಿದಳು. "ಅಜ್ಜಾ, ನೀ ಫೋಟೋ ತೆಗಿಸ್ಕೋಬ್ಯಾಡ."

"ಯಾಕವ್ವ?"

"ತೆಗದ್ರ ನೀನೂ ಹೋಗಿಬಿಡ್ತಿ. ದೊಡ್ಡಮ್ಮ ಹೋದಂಗ."

ಅಜ್ಜ ನಗಲಿಲ್ಲ. ಚನ್ನಿಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಅವನು ಉಸಿರು ಎಳೆದುಕೊಂಡು ನಿಧಾನವಾಗಿ ಹೇಳಿದ.

"ನಾ ಹೋಗಾದು ಆ ಫೋಟೋದ ಡಬ್ಬಿ ಕೈಯಾಗಿಲ್ಲವ್ವ. ತೆಗದ್ರೂ ಹೋಗ್ತೀನಿ, ತೆಗೀದಿದ್ರೂ ಹೋಗ್ತೀನಿ."

ಇಷ್ಟು ದಿನ ಮನೆಯಲ್ಲಿ ಯಾರೂ ಚನ್ನಿಗೆ ಈ ಮಾತು ಹೇಳಿರಲಿಲ್ಲ. ಎಲ್ಲರೂ "ಆರಾಮ ಆಕ್ಕಾನ" ಎಂದೇ ಹೇಳುತ್ತಿದ್ದರು. ಅವಳು ಅಜ್ಜನ ಕಂಬಳಿಗೆ ಮುಖ ಒತ್ತಿ ಅತ್ತಳು. ಅಜ್ಜ ಅವಳ ತಲೆಯ ಮೇಲೆ ಕೈ ಇಟ್ಟ.

"ಹೊರಗ ನಮ್ಮವ್ವನ ಫೋಟೋ ಐತಲ್ಲ," ಎಂದ. "ನಾ ದಿನಾ ನೋಡ್ತಿದ್ದೆ. ಆಕಿ ಕಣ್ಣು ಹೆಂಗಿದ್ವು ಅಂತ ಈಗ ನೆನಪ ಬರವಲ್ದು. ನಂದು ಒಂದು, ಕಣ್ಣು ಬಿಟ್ಟಿದ್ದು ಇರಲಿ. ನಾನ ಕೇಳೀನಿ ನಿಮ್ಮ ಕಾಕಾನ್ನ, ತೆಗಿ ಅಂತ."

ಚನ್ನಿ ಕಣ್ಣೊರೆಸಿಕೊಂಡು ಎದ್ದಳು. ಅಕ್ಕಿ ಡಬ್ಬಿಯೊಳಗೆ ಮೊಣಕೈವರೆಗೆ ಕೈ ಹಾಕಿ ಕ್ಯೂಬ್ ತೆಗೆದು ಲಂಗದಿಂದ ಒರೆಸಿದಳು. ಮೂರು ಬದಿ ಮಬ್ಬಾಗಿ, ಕರ್ರಗೆ ಸುಟ್ಟಿದ್ದವು. ನಾಲ್ಕನೆಯ ಬಲ್ಬಿನೊಳಗೆ ಸಣ್ಣ ತಂತಿಯ ಎಳೆಗಳು ಇನ್ನೂ ಮಿನುಗುತ್ತಿದ್ದವು. ಅವಳು ಅದನ್ನು ಕಾಕಾನ ಅಂಗೈಯಲ್ಲಿ ಇಟ್ಟಳು.

"ಲೇ, ನೀನ ಏನ—"

"ಗವಿಸಿದ್ದ, ಅಕಿಗೆ ಏನೂ ಅನಬ್ಯಾಡ," ಎಂದ ಅಜ್ಜ ಒಳಗಿಂದ.

ಅಜ್ಜನ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರು. ಪಕ್ಕದಲ್ಲಿ ಚನ್ನಿ ಕುಳಿತಳು. ಕಾಕಾ ಕ್ಯೂಬನ್ನು ಟಕ್ ಎಂದು ಕೂರಿಸಿ ಹಿಂದೆ ಸರಿದ.

"ಅಪ್ಪಾ, ಕಣ್ಣು ಪಿಳಕಿಸಬ್ಯಾಡ. ಒಂದ ಐತಿ. ಚನ್ನಿ, ಈ ಕಡಿ ನೋಡು."

ಚನ್ನಿ ಆ ಕಡೆ ನೋಡಲಿಲ್ಲ. ಇಡೀ ಒಳಮನೆ ಬೆಳ್ಳಗಾದ ಆ ಕ್ಷಣದಲ್ಲಿ ಅವಳು ಅಜ್ಜನ ಕಣ್ಣನ್ನೇ ನೋಡುತ್ತಿದ್ದಳು. ಕಂದು ಬಣ್ಣದ ಕಣ್ಣುಗುಡ್ಡೆ, ಅದರ ಸುತ್ತ ಸಣ್ಣ ನೀಲಿ ಅಂಚು. ಮತ್ತೆ ಕತ್ತಲಾಯಿತು.

ಫೋಟೋ ಬರುವಷ್ಟರಲ್ಲಿ ಅಜ್ಜ ಇರಲಿಲ್ಲ. ಚನ್ನಿಯ ಅಪ್ಪ ಅದಕ್ಕೆ ಕಟ್ಟು ಹಾಕಿಸಿ ಮುತ್ತಜ್ಜಿಯ ಪಕ್ಕದಲ್ಲಿ ತೂಗುಹಾಕಿದ.

"ಇಕಿ ನೋಡು, ಕ್ಯಾಮೆರಾ ಬಿಟ್ಟು ಅಜ್ಜನ ಮಾರಿ ನೋಡ್ಯಾಳ," ಎಂದಳು ಅವ್ವ. ಹೇಳುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎಲ್ಲರೂ ಒಳಗೆ ಹೋದ ಮೇಲೆ ಚನ್ನಿ ತಮ್ಮನನ್ನು ಎತ್ತಿಕೊಂಡು ಗೋಡೆಯ ಮುಂದೆ ನಿಂತಳು. ಕಪ್ಪು ಬಿಳುಪಿನ ಫೋಟೋ. ಅಜ್ಜ ನೇರವಾಗಿ ನೋಡುತ್ತಿದ್ದ, ಕಣ್ಣು ಮಾತ್ರ ಬರೀ ಕಪ್ಪಾಗಿ ಬಂದಿದ್ದವು. ಕೂಸಿಗೆ ಇನ್ನೂ ಮಾತು ಬರುತ್ತಿರಲಿಲ್ಲ. ಆದರೂ ಚನ್ನಿ ಅದರ ಬೆರಳು ಹಿಡಿದು ಫೋಟೋದ ಮೇಲೆ ಇಟ್ಟಳು.

"ಅಜ್ಜನ ಕಣ್ಣು ಹಿಂಗ ಕರ್ರಗ ಇದ್ದಿಲ್ಲ," ಎಂದಳು. "ಸುತ್ತಲೂ ನೀಲಿ ಇತ್ತು."