ಮೇಣದ ಮೇಲಿನ ಹಸಿರು

ಸೋಮವಾರ, 11 ನವೆಂಬರ್ 2024, ಬೆಳಗ್ಗೆ 9.40. ಶೋಳಿಂಗನಲ್ಲೂರಿನಲ್ಲಿ ಜನರೇಟರ್, ಕಂಪ್ರೆಸರ್‌ಗಳನ್ನು ಬಾಡಿಗೆಗೆ ಕೊಡುವ ಭೋಜರಾಜ ಠಾಣೆಗೆ ಬಂದು ದೂರು ಬರೆದುಕೊಟ್ಟರು. ಗಾಲಿಯ ಮೇಲಿನ ಹಳದಿ ಜನರೇಟರೊಂದು ಶನಿವಾರ ಸಂಜೆಯ ನಂತರ ಯಾರ್ಡಿನಿಂದ ಕಾಣೆ. ಬೀಗ ಮುರಿದಿಲ್ಲ. ಅಂದು ಕೊನೆಗೆ ಬೀಗ ಹಾಕಿದವಳು ಯಂತ್ರ ತೊಳೆಯುವ ಕಲಾವತಿ.

“ಅವಳನ್ನ ಒಳಗೆ ಹಾಕಿ ಮೇಡಂ, ತಾನಾಗಿ ಬಾಯಿ ಬಿಡ್ತಾಳೆ.”

ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಮಧುರಾ ರೈಲ್ವೆ ನೌಕರನ ಮಗಳು, ಮನೆಮಾತು ಕನ್ನಡ. ಸುತ್ತ ತಮಿಳೇ ಇರುವ ಈ ಊರಿನಲ್ಲಿ ಚಾಮರಾಜನಗರದ ಕಡೆಯ ಕಲಾವತಿಗೆ ಅದೊಂದೇ ಸಮಾಧಾನ.

“ಬೀಗ ಹಾಕಿದ್ದು ಎಷ್ಟು ಗಂಟೆಗೆ?”

“ಐದೂವರೆಗೆ ಕಣ್ರವ್ವ.”

“ಬೀಗದ ಕೈ?”

“ಆಫೀಸಿನ ಮೊಳೆಗೆ ತಗಲಾಕ್ದೆ.”

“ಯಾರಾದ್ರೂ ನೋಡಿದ್ರಾ?”

“ಮೊಳೆ ನೋಡ್ತು,” ಎಂದವಳೇ ಬಾಯಿಗೆ ಸೆರಗು ಒತ್ತಿಕೊಂಡಳು.

ಸುಳ್ಳು ಹೇಳುವ ಮುಖವಲ್ಲ ಅನ್ನಿಸಿತು ಮಧುರಾಗೆ. ಆದರೆ ಅನ್ನಿಸಿದ್ದನ್ನು ಕೇಸ್ ಡೈರಿಯಲ್ಲಿ ಬರೆಯುವಂತಿಲ್ಲ. ಗುರುವಾರ ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಕಲಾವತಿಯನ್ನು ಬಂಧಿಸಿ ಎಂದು ಮೇಲಧಿಕಾರಿ ಹೇಳಿದ್ದರು.

ಗುರುವಾರ ಬೆಳಗ್ಗೆ 11.15ಕ್ಕೆ ಹೆಡ್ ಕಾನ್‌ಸ್ಟೇಬಲ್ ಏಳುಮಲೈ ಮೇಡವಾಕ್ಕಂನ ಕಲ್ಯಾಣ ಮಂಟಪದಿಂದ ಫೋನ್ ಮಾಡಿದ. ಹತ್ತು ವರ್ಷ ಹೊಸೂರಿನಲ್ಲಿದ್ದವನು, ಕನ್ನಡಕ್ಕೆ ತಮಿಳು ಬೆರೆಸಿಯೇ ಮಾತು.

“ಮೇಡಂ, ಒಂದು ಪಚ್ಚೆ ಜನರೇಟರ್ ಇದೆ. ಎಂಜಿನ್ ನಂಬರ್ ತಗಡಿಲ್ಲ. ಬಾಡಿಗೆಗೆ ಕೊಟ್ಟವನ ಫೋನ್ ಸ್ವಿಚ್ ಆಫ್. ಆನಾ, ಆದ್ರೆ ರಾತ್ರಿ ಮಳೆಗೆ ಬಣ್ಣ ಏಳ್ತಾ ಇದೆ. ಒಳಗೆ ಹಳದಿ!”

ಮಧುರಾ ಕಲಾವತಿಯನ್ನೂ ಜೀಪಿನಲ್ಲಿ ಕರೆದೊಯ್ದಳು. ಕಲಾವತಿ ಉಗುರಿನಿಂದ ಒಂದು ಮೂಲೆ ಎತ್ತಿದಳು. ಹಸಿರು ಬಣ್ಣ ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಬಂತು.

“ಅಯ್ಯೋ, ಮೇಣದ ಮೇಲೇ ಬಳ್ದವ್ನಲ್ಲ! ಯಾವ ಬೆಪ್ಪ ಇವ್ನು?”

“ಏನು ಮೇಣ?”

“ಶನಿವಾರ ಶನಿವಾರ ಸೋಪ್ ನೀರಲ್ಲಿ ತೊಳ್ದು, ಒರಸಿ, ಮೇಣ ತಿಕ್ತೀನಿ. ಇಲ್ಲಿ ಸಮುದ್ರದ ಗಾಳಿ, ಬುಟ್ರೆ ತುಕ್ಕು. ಬಣ್ಣ ಹೊಡೀಬೇಕಾದ್ರೆ ಮೊದ್ಲು ಥಿನ್ನರಲ್ಲಿ ಮೇಣ ತೆಗ್ದು, ಉಪ್ಪು ಕಾಗದದಲ್ಲಿ ಉಜ್ಬೇಕು. ಇಲ್ದಿದ್ರೆ ಬಣ್ಣ ಕಚ್ಚಲ್ಲ.”

ಮಹಜರು ಬರೆಸುತ್ತಲೇ ಮಧುರಾ ಯೋಚಿಸಿದಳು. ಈ ಬಣ್ಣ ಬಳಿದವನಿಗೆ ಯಾರ್ಡಿನ ಮೊಳೆ ಗೊತ್ತು, ಮೇಣ ಗೊತ್ತಿಲ್ಲ.

ಮಧ್ಯಾಹ್ನ ಯಾರ್ಡಿನ ಉಳಿದ ಮೂವರು ಕೆಲಸಗಾರರನ್ನೂ ಬೇರೆಬೇರೆಯಾಗಿ ಕೂರಿಸಿ ಒಂದೇ ಪ್ರಶ್ನೆ ಕೇಳಿದಳು: ಶನಿವಾರ ಕಲಾವತಿ ಏನು ಮಾಡ್ತಾಳೆ? ಪೇಂಟರ್ ಪಂಢರಿನಾಥ ಮೇಣದ ಡಬ್ಬಿಯ ಬಣ್ಣವನ್ನೂ ಹೇಳಿದ. ಡ್ರೈವರ್ ಸುರೇಶ, “ಕೈ ಇಟ್ರೆ ಜಾರತ್ತೆ ಮೇಡಂ,” ಎಂದ. ಕೊನೆಗೆ ಬಂದವನು ಸೂಪರ್‌ವೈಸರ್ ಗಿರಿಧರ್.

“ನೀರು ಎರಚ್ತಾಳೆ. ಇನ್ನೇನು?”

“ಆಮೇಲೆ?”

“ಆಮೇಲೆ ಮನೆಗೆ ಹೋಗ್ತಾಳೆ.”

ಸಂಜೆ 4.30ಕ್ಕೆ ಅವನ ಮನೆ ಶೋಧಿಸಿದಾಗ ಅರ್ಧ ಡಬ್ಬಿ ಹಸಿರು ಬಣ್ಣ, ಎಂಜಿನ್ ನಂಬರಿನ ತಗಡು ಸಿಕ್ಕವು. ಜೊತೆಗೆ ‘ಗಿರಿಧರ್ ಪವರ್’ ಎಂದು ಅಕ್ಷರ ಕೊರೆದ ತಗಡಿನ ಅಚ್ಚು. 5.10ಕ್ಕೆ ಬಂಧನ.

“ಇಪ್ಪತ್ತೆರಡು ವರ್ಷ ಇನ್ನೊಬ್ಬರ ಹೆಸರಿನ ಯಂತ್ರ ಕಳಿಸಿದ್ದೀನಿ ಮೇಡಂ. ಒಂದರ ಮೇಲಾದ್ರೂ ನನ್ನ ಹೆಸರಿರ್ಲಿ ಅನ್ನಿಸ್ತು. ಬಣ್ಣ ಒಣಗಲಿ, ಬರೀತೀನಿ ಅಂತ ಕಾದೆ. ಅದು ಒಣಗಲೇ ಇಲ್ಲ. ಅಷ್ಟರಲ್ಲಿ ಮದುವೆಯ ಬಾಡಿಗೆ ಬಂತು.”

ಠಾಣೆಯ ಅಂಗಳದಲ್ಲಿ ಕಲಾವತಿ ಕಾಯುತ್ತಿದ್ದಳು.

“ನಿಮ್ಮ ಮೇಲೆ ಏನೂ ಇಲ್ಲ ಅಕ್ಕಾ, ಮನೆಗೆ ಹೋಗಿ.”

ಕಲಾವತಿ ಮೆಟ್ಟಿಲ ಮೇಲೆ ಧೊಪ್ಪೆಂದು ಕೂತು, ದೊಡ್ಡದೊಂದು ಉಸಿರು ಬಿಟ್ಟಳು. ಅಂಗಳಕ್ಕೆ ತಂದು ನಿಲ್ಲಿಸಿದ್ದ ಜನರೇಟರ್ ಕಡೆ ಕೈ ತೋರಿಸಿ ಕೇಳಿದಳು, “ಇದು?”

“ಕೋರ್ಟು ಹೇಳೋವರೆಗೂ ಇಲ್ಲೇ ಇರತ್ತೆ.”

“ಮಳೇಲಾ? ತುಕ್ಕು ಹಿಡ್ದೋಯ್ತದೆ ಕಣ್ರವ್ವ!”

ನಾಲ್ಕು ದಿನಗಳಲ್ಲಿ ಮೊದಲ ಸಲ ಮಧುರಾ ನಕ್ಕಳು. ಏಳುಮಲೈ ಒಂದು ಟಾರ್ಪಾಲು ತಂದ. ಅವನು ಹಾಕಿದ ಗಂಟು ಸರಿಯಿಲ್ಲವೆಂದು ಬೈದು, ನಾಲ್ಕೂ ಮೂಲೆಯನ್ನು ತಾನೇ ಬಿಗಿದು ಕಟ್ಟಿ, ಕಲಾವತಿ ಬಸ್ಸಿಗೆ ಓಡಿದಳು.