ಬಾಗಿಲು ತೆರೆದ ಕೈ

ಬಹಳ ಬಹಳ ಹಿಂದೆ, ಮನುಷ್ಯರಿಗೂ ಮೃಗಗಳಿಗೂ ಇನ್ನೂ ಮಾತುಕತೆ ಇದ್ದ ಕಾಲದಲ್ಲಿ, ಕಂಚಿನಗಿರಿ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಒಂದು ಪಚ್ಚೆಯ ಬಟ್ಟಲು. ಅದರಲ್ಲಿ ನೀರು ಕುಡಿದರೆ ಎಂಥ ಕಾಯಿಲೆಯೂ ವಾಸಿಯಾಗುತ್ತಿತ್ತು. ಸತ್ತವರನ್ನು ಎಬ್ಬಿಸುವುದು ಮಾತ್ರ ಅದರ ಕೈಲಿ ಆಗುತ್ತಿರಲಿಲ್ಲ. ಬಟ್ಟಲನ್ನು ನೋಡಿಕೊಳ್ಳಲು ಮಾದಜ್ಜನೆಂಬ ಮುದುಕನಿದ್ದ. ಬಾಗಿಲಲ್ಲಿ ಎರಡು ತಲೆಯ ಯಾಳಿ. ಒಂದು ತಲೆ ನಿದ್ದೆ ಮಾಡಿದರೆ ಇನ್ನೊಂದು ಎದ್ದಿರುತ್ತಿತ್ತು. ಹಾಗಾಗಿ ಕಳ್ಳರು ಆ ದಿಕ್ಕಿಗೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

ಅದೇ ಊರಲ್ಲಿ ಸಣ್ಣೀರ ಎಂಬವನಿದ್ದ. ಅವನ ಅಂಗೈಯಲ್ಲಿ ನಿದ್ದೆಯಿತ್ತು. ಯಾರ ನೆತ್ತಿ ಸವರಿದರೂ ಅವರು ಗೊರಕೆ ಹೊಡೆಯುತ್ತಿದ್ದರು. ಮದವೇರಿದ ಆನೆ, ಲಾಳ ಹೊಡೆಸಿಕೊಳ್ಳದ ಕುದುರೆ, ರಚ್ಚೆ ಹಿಡಿದ ಮಗು, ಎಲ್ಲದಕ್ಕೂ ಜನ ಅವನನ್ನೇ ಕರೆಯುತ್ತಿದ್ದರು. ಓಡಾಡಿ ಓಡಾಡಿ ಅವನಿಗೆ ಸಾಕುಸಾಕಾಗಿತ್ತು. ಇಂಥವನ ಪಕ್ಕ ಕೇಡಿಗರು ಬಂದು ಕೂರುವುದು ಯಾವ ರಾಜ್ಯದಲ್ಲಾದರೂ ಇದ್ದದ್ದೇ. ಬಂದು ಕೂತವನು ಧೂಮಕೇಶ ಎಂಬ ಮಾಂತ್ರಿಕ. ಜೊತೆಗೆ ಅವನ ಬಂಟ ಕೆಂಗಣ್ಣ.

"ಯಾಳೀನ ಮಲಗಿಸಿಬಿಡು, ಸಾಕು. ಒಳಗಿನ ಕೆಲಸ ನಮಗೆ ಬಿಡು. ಜೀವಮಾನ ಪೂರ್ತಿ ಕೂತು ಉಣ್ಣೋವಷ್ಟು ಕೊಡ್ತೀನಿ," ಎಂದ ಧೂಮಕೇಶ.

ಸಣ್ಣೀರ ಕೆಂಗಣ್ಣನ ಸೊಂಟದ ಕಡೆ ನೋಡಿದ. "ಆ ಚೂರಿ ಯಾಕಣ್ಣ?"

"ಹಗ್ಗ ಕುಯ್ಯೋಕೆ ಕಣೋ," ಎಂದ ಕೆಂಗಣ್ಣ.

ಒಳಗೆ ಹಗ್ಗವಿಲ್ಲ, ಬಟ್ಟಲಿನ ಪಕ್ಕ ಚಾಪೆ ಹಾಸಿಕೊಂಡು ಮಾದಜ್ಜ ಮಲಗಿರುತ್ತಾನೆ ಎಂಬುದು ಸಣ್ಣೀರನಿಗೆ ಗೊತ್ತಿತ್ತು. ಗೊತ್ತಿದ್ದೂ ಇನ್ನೊಂದು ಮಾತು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ, ಅದಕ್ಕೇ ಕೇಳಲಿಲ್ಲ.

ಉಂಡು ಇಡೀ ಅರಮನೆ ತೂಕಡಿಸುವ ನಡುಮಧ್ಯಾಹ್ನ ಮೂವರೂ ಹೋದರು. ಸಣ್ಣೀರ ಎರಡು ಕೈಯಲ್ಲಿ ಎರಡು ನೆತ್ತಿ ಸವರಿದ. ಯಾಳಿ ಪೂರ್ತಿ ಮಲಗಿತು. ಅವರಿಬ್ಬರು ಒಳಗೆ ಹೋದರು, ಇವನು ಹೊರಗೆ ಬೇವಿನ ಮರ ನೋಡುತ್ತಾ ನಿಂತ. ಒಳಗಿನಿಂದ ಒಂದು ಕೂಗು ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಬಟ್ಟಲು ಹಿಡಿದು ಹೊರಬಂದ ಇಬ್ಬರೂ ಹೊಗೆಯಾಗಿ ಹಾರಿಹೋದರು. ಕೂತು ಉಣ್ಣುವ ಮಾತು ಅಲ್ಲಿಗೇ ಮುಗಿಯಿತು.

ಅಂದಿನಿಂದ ಸಣ್ಣೀರನಿಗೆ ನಿದ್ದೆ ಹತ್ತಲಿಲ್ಲ. ಮಗ್ಗುಲು ಬದಲಿಸಿದ, ಹಾಸಿಗೆ ಬದಲಿಸಿದ, ಊರೇ ಬದಲಿಸಿದ. ತನ್ನ ನೆತ್ತಿಯನ್ನು ತಾನೇ ಸವರಿಕೊಂಡ. ಕಣ್ಣು ಉರಿಯಿತೇ ಹೊರತು ಮುಚ್ಚಲಿಲ್ಲ. ಪಾಪ, ಅನ್ನಬೇಕೋ ಬೇಡವೋ ನನಗೂ ತಿಳಿಯದು.

ನಿದ್ದೆಯ ಮೂಲ ಬಲ್ಲ ಮುದಿ ಆಮೆಯೊಂದು ಅರಮನೆಯ ಕೊಳದಲ್ಲಿತ್ತು. ಸಣ್ಣೀರ ಅದರ ಮುಂದೆ ಕೂತು ಗೋಳು ಹೇಳಿಕೊಂಡ.

"ಮಾದಜ್ಜನ್ನ ಕೊಂದವರು ಯಾರಪ್ಪ?" ಎಂದು ಆಮೆ ಕೇಳಿತು.

"ಕೆಂಗಣ್ಣ. ಚೂರಿ ಅವನದು."

"ಹಾಗಾದ್ರೆ ನಿನಗೇನು ಚಿಂತೆ? ಹೋಗಿ ಮಲಗು."

ಸಣ್ಣೀರ ಹೋಗಿ ಮಲಗಿದ. ನಿದ್ದೆ ಬರಲಿಲ್ಲ.

ಊರಾಚೆಯ ಹುತ್ತದಲ್ಲಿ ಬಿಳಿ ಸರ್ಪವಿತ್ತು. ಅಲ್ಲಿಗೆ ಹೋದ. ಅದೂ ಅದನ್ನೇ ಕೇಳಿತು, "ಮಾದಜ್ಜನ್ನ ಕೊಂದವರು ಯಾರಪ್ಪ?"

"ಕೊಲ್ಲಿಸಿದವನು ಧೂಮಕೇಶ. ಹೂಟ ಎಲ್ಲಾ ಅವನದು."

"ಹಾಗಾದ್ರೆ ನಿನಗೇನು ಚಿಂತೆ? ಹೋಗಿ ಮಲಗು."

ಹೋಗಿ ಮಲಗಿದ. ನಿದ್ದೆ ಬರಲಿಲ್ಲ.

ಕೊನೆಗೆ ಯಾಳಿಯ ಹತ್ತಿರ ಹೋದ. ಕಾವಲಿನಲ್ಲಿ ಮಲಗಿದ ತಪ್ಪಿಗೆ ಅರಸ ಅದಕ್ಕೆ ಸಂಕೋಲೆ ಹಾಕಿಸಿದ್ದ. ಯಾಳಿ ಎರಡು ಬಾಯಿಂದಲೂ ಒಟ್ಟಿಗೆ ಕೇಳಿತು, "ಮಾದಜ್ಜನ್ನ ಕೊಂದವರು ಯಾರಪ್ಪ?"

"ನಾನಂತೂ ಅಲ್ಲ! ಹೊರಗೇ ನಿಂತಿದ್ದೆ, ನಿನ್ನಾಣೆ," ಎಂದ ಸಣ್ಣೀರ.

"ಹೊಗೆಬೆಟ್ಟದ ನೆತ್ತಿಯಲ್ಲಿ ಧೂಮಕೇಶನ ಗವಿ ಇದೆ. ಅದರ ಕಲ್ಲುಬಾಗಿಲು ಮಾದಜ್ಜನ್ನ ಕೊಂದ ಕೈಗೆ ಮಾತ್ರ ತೆರೆಯುತ್ತೆ. ಅರಸನ ದಂಡು ಒನಕೆ, ಹಾರೆ ಎಲ್ಲಾ ಹಾಕಿ ಸೋತು ಬಂತು. ನೀನೂ ಹೋಗಿ ಮುಟ್ಟು. ತೆರೀಲಿಲ್ಲ ಅಂದ್ರೆ ನಿನ್ನ ತಪ್ಪಿಲ್ಲ. ಅಲ್ಲೇ ಒರಗಿಕೋ, ನಿದ್ದೆ ಬರುತ್ತೆ."

ಸಣ್ಣೀರನಿಗೆ ಹೋದ ಜೀವ ಬಂದಂತಾಯಿತು. ಬೆಟ್ಟ ಹತ್ತಿದ. ಕಲ್ಲುಬಾಗಿಲ ಮುಂದೆ ನಿಂತು, "ತೆರೀಬೇಡ ನನ್ನವ್ವಾ, ತೆರೀಬೇಡ," ಎಂದು ಬೇಡಿಕೊಂಡು, ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿದ.

ಬಾಗಿಲು ಸದ್ದಿಲ್ಲದೆ ತೆರೆಯಿತು.

ಸಣ್ಣೀರ ಹೊಸ್ತಿಲ ಮೇಲೆ ಕುಸಿದು ಕೂತು ಅತ್ತ. ಹಿಂದಿರುಗಿ ಹೋಗಿ ಬಾಗಿಲು ತೆರೆಯಲಿಲ್ಲ ಎಂದು ಹೇಳಬಹುದಿತ್ತು. ಅಲ್ಲಿ ನೋಡಿದವರು ಯಾರೂ ಇರಲಿಲ್ಲ. ಆದರೆ ಅವನೇ ನೋಡಿದ್ದನಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋದ.

ಒಳಗೆ ಧೂಮಕೇಶ, ಕೆಂಗಣ್ಣ ಇಬ್ಬರೂ ಗೋಡೆಗೊರಗಿ ಕೂತಿದ್ದರು. ಕಣ್ಣು ಕೆಂಡದ ಹಾಗಿತ್ತು. ಬಟ್ಟಲಿನಲ್ಲಿ ಎಷ್ಟು ನೀರು ಕುಡಿದರೂ ಅವರಿಗೂ ನಿದ್ದೆ ಬಂದಿರಲಿಲ್ಲ. ಇದು ಕಾಯಿಲೆಯಾಗಿದ್ದರೆ ತಾನೇ ವಾಸಿಯಾಗುವುದು?

"ಬಾರೋ ಸಣ್ಣೀರ," ಎಂದ ಮಾಂತ್ರಿಕ ಸೋತ ದನಿಯಲ್ಲಿ. "ಬಾಗಿಲು ನಿನಗೂ ತೆರೀತಾ? ಹಾಗಾದ್ರೆ ನಮ್ಮವನೇ. ನೆತ್ತಿ ಒಂಚೂರು ಸವರೋ, ಪುಣ್ಯ ಬರುತ್ತೆ."

ಸಣ್ಣೀರ ಇಬ್ಬರ ನೆತ್ತಿಯನ್ನೂ ಸವರಿದ. ಇಬ್ಬರೂ ಮಲಗಿದರು. ಧೂಮಕೇಶನ ಮಂತ್ರವೆಲ್ಲ ಅವನ ಕೂದಲಲ್ಲಿತ್ತು. ಕೆಂಗಣ್ಣನ ಚೂರಿಯಿಂದಲೇ ಅದನ್ನು ಬುಡಮಟ್ಟ ಕತ್ತರಿಸಿದ. ಇಬ್ಬರ ಕೈಕಾಲು ಕಟ್ಟಿ, ಅವರದೇ ಹೇಸರಗತ್ತೆಯ ಮೇಲೆ ಹೇರಿಕೊಂಡು, ಬಟ್ಟಲು ಹಿಡಿದು ಬೆಟ್ಟ ಇಳಿದ.

ಅರಸನ ಸಭೆಯಲ್ಲಿ ನೀರೆರಚಿ ಅವರನ್ನು ಎಬ್ಬಿಸಿದರು. ಎದ್ದದ್ದೇ ತಡ, "ನಾನು ಚೂರಿ ಮುಟ್ಟೇ ಇಲ್ಲ ಮಹಾಸ್ವಾಮಿ," ಎಂದ ಧೂಮಕೇಶ. "ಅಪ್ಪಣೆ ಅವನದು, ನಾನು ಬರೀ ಆಳು," ಎಂದ ಕೆಂಗಣ್ಣ. ಒಬ್ಬ ಇನ್ನೊಬ್ಬನ ಮೇಲೆ ಹಾಕಿದ, ಅವನು ಇವನ ಮೇಲೆ ಹಾಕಿದ. ಕೇಳಿ ಕೇಳಿ ಅರಸನೂ ಬೇಸತ್ತ.

ಆಗ ಸಭೆಯ ಮೂಲೆಯಿಂದ ಮಾದಜ್ಜನ ಹೆಂಡತಿ ಹೊನ್ನಜ್ಜಿ ಎದ್ದು ಬಂದಳು. ಆ ಇಬ್ಬರನ್ನು ಬಿಟ್ಟು ಸಣ್ಣೀರನ ಎದುರು ನಿಂತಳು. "ನೀನಾದ್ರೂ ಹೇಳಪ್ಪ. ನನ್ನ ಗಂಡನ್ನ ಕೊಂದವರು ಯಾರು?"

ಸಣ್ಣೀರ ಅವಳ ಕಾಲ ಬಳಿ ಕೂತ.

"ನಾವು ಕಣಜ್ಜಿ," ಎಂದ. "ನಾವು ಕೊಂದ್ವಿ. ಚೂರಿ ನೋಡಿದ್ದೆ. ಅಜ್ಜ ಒಳಗಿದ್ದಾನೆ ಅಂತಾನೂ ಗೊತ್ತಿತ್ತು."

ಮಿಕ್ಕ ಇಬ್ಬರ ಬಾಯಿ ಕಟ್ಟಿಹೋಯಿತು. ಆ "ನಾವು" ಎಂಬುದರೊಳಗೆ ಅವರೂ ಇದ್ದರಲ್ಲ. "ಕೈ ಜೋಡಿಸಿದ ಮೇಲೆ ಯಾವ ಕೈ ಅಂತ ಈ ರಾಜ್ಯ ಕೇಳೋದಿಲ್ಲ. ಮೂವರಿಗೂ ಕಲ್ಲುಕೋಟೆಯ ಸೆರೆ, ಬದುಕಿರೋವರೆಗೂ," ಎಂದ ಅರಸ. ಯಾಳಿಯ ಸಂಕೋಲೆ ಬಿಚ್ಚಿಸಿದ.

ಭಟರು ಮೊದಲಿನ ಇಬ್ಬರನ್ನು ಎಳೆದುಕೊಂಡು ಹೋದರು. ಮೂರನೆಯವನ ತೋಳು ಹಿಡಿಯಲು ಬಗ್ಗಿದರೆ, ಅವನು ನೆಲದ ಮೇಲೆ ಮುದುರಿಕೊಂಡು ಗಾಢ ನಿದ್ದೆಯಲ್ಲಿದ್ದ. ಒಬ್ಬ ಭಟ ಭುಜ ಅಲುಗಿಸಲು ಕೈ ಚಾಚಿದ.

"ಎಬ್ಬಿಸಬೇಡ್ರಪ್ಪ," ಎಂದಳು ಹೊನ್ನಜ್ಜಿ. "ಅವನಾಗೇ ಎದ್ದ ಮೇಲೆ ಕರ್ಕೊಂಡು ಹೋಗಿ."

ಬಟ್ಟಲು ಮತ್ತೆ ರಾಜ್ಯದ್ದಾಯಿತು, ಕಾಯಿಲೆಯವರು ಗುಣವಾದರು, ಕಂಚಿನಗಿರಿಯವರೆಲ್ಲ ಬಹುಕಾಲ ಸುಖವಾಗಿ ಬಾಳಿದರು. ಹೊನ್ನಜ್ಜಿಯೂ ಬಾಳಿದಳು, ತನ್ನ ಕೈಲಾದಷ್ಟು.